ಯಾರ್ಡ್ ಪಟ್ಟಿ ನೋಡಿ ಕೋಚ್ ಆರಿಸಬಹುದೇ?

ಓದುಗರ ಪತ್ರ: ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡಗಳು ಹೊಸ ಡಿಫೆನ್ಸಿವ್ ಕೋಆರ್ಡಿನೇಟರ್‌ನನ್ನು, ಎಂದರೆ ಎದುರಾಳಿಯನ್ನು ತಡೆಯುವ ಪಡೆಯ ಕೋಚ್‌ನನ್ನು, ಆರಿಸುವಾಗ ಇಷ್ಟೊಂದು ಚರ್ಚೆ ಏಕೆ? ಹಿಂದಿನ ಮೂರು ವರ್ಷ ಆತನ ತಂಡ ಟೋಟಲ್ ಡಿಫೆನ್ಸ್ (ಪಂದ್ಯಕ್ಕೆ ಬಿಟ್ಟುಕೊಟ್ಟ ಯಾರ್ಡ್) ಪಟ್ಟಿಯ ಮೊದಲ 30ರೊಳಗೆ ಇತ್ತೇ ಎಂದು ನೋಡಿದರೆ ಸಾಲದೇ? – ಮಿಷಿಗನ್‌ನಿಂದ ಒಬ್ಬ ಓದುಗ

ಸಂಪಾದಕರ ಉತ್ತರ: ನಿಮ್ಮ ನಿಯಮ ಜಾರಿಯಲ್ಲಿದ್ದಿದ್ದರೆ ನಿಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಜೆಸ್ಸಿ ಮಿಂಟರ್ ಬರುತ್ತಲೇ ಇರಲಿಲ್ಲ. 2021ರಲ್ಲಿ ಅವರು ವ್ಯಾಂಡರ್‌ಬಿಲ್ಟ್‌ನ ಡಿಫೆನ್ಸ್ ನಡೆಸುತ್ತಿದ್ದರು. ಆ ತಂಡ 12 ಪಂದ್ಯಗಳಲ್ಲಿ ಗೆದ್ದದ್ದು 2, ಬಿಟ್ಟುಕೊಟ್ಟದ್ದು 430 ಪಾಯಿಂಟ್. ಎಂದರೆ ಪಂದ್ಯಕ್ಕೆ 35.8. ಮರುವರ್ಷ ಅವರು ಮಿಷಿಗನ್ ಸೇರಿದರು. 2023ರಲ್ಲಿ ಅವರ ಡಿಫೆನ್ಸ್ ಇದ್ದ ತಂಡ 15 ಪಂದ್ಯಗಳಲ್ಲಿ ಕೊಟ್ಟದ್ದು 156 ಪಾಯಿಂಟ್ ಮಾತ್ರ. ಪಂದ್ಯಕ್ಕೆ 10.4, ಇಡೀ ದೇಶದಲ್ಲಿ ಅತಿ ಕಡಿಮೆ. ಜೊತೆಗೆ ರಾಷ್ಟ್ರೀಯ ಪ್ರಶಸ್ತಿ. ಎರಡೇ ವರ್ಷದಲ್ಲಿ ಒಬ್ಬರ ಜಾಣತನ ಮೂರು ಪಟ್ಟಾಗುವುದಿಲ್ಲ. ಆಟಗಾರರು ಬದಲಾದರು, ಎದುರಾಳಿಗಳು ಬದಲಾದರು, ಚೆಂಡನ್ನು ಹೆಚ್ಚು ಹೊತ್ತು ತನ್ನ ಬಳಿಯೇ ಇಟ್ಟುಕೊಳ್ಳಬಲ್ಲ ಆಫೆನ್ಸ್ (ದಾಳಿ ಪಡೆ) ಬೆನ್ನಿಗೆ ಸಿಕ್ಕಿತು. ಮಿಂಟರ್‌ಗಿಂತ ಮೊದಲು ಅದೇ ಹುದ್ದೆಯಲ್ಲಿದ್ದ ಮೈಕ್ ಮ್ಯಾಕ್‌ಡೊನಾಲ್ಡ್ ಅವರನ್ನು ನೋಡಿ: 2021ರಲ್ಲಿ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದಿಂದ ಬಂದಾಗ ಕೋಆರ್ಡಿನೇಟರ್ ಆಗಿ ಅವರ ಹೆಸರಿನಲ್ಲಿ ಒಂದು ಅಂಕಿಯೂ ಇರಲಿಲ್ಲ. ಮಿಂಟರ್ ಕೂಡ ವ್ಯಾಂಡರ್‌ಬಿಲ್ಟ್‌ಗೆ ಮುಂಚೆ ರೇವನ್ಸ್‌ನಲ್ಲೇ ಇದ್ದವರು. ಮಿಷಿಗನ್‌ಗೆ ಸಿಕ್ಕಿದ್ದು ಒಂದು ಪದ್ಧತಿ ಮತ್ತು ಅದನ್ನು ಕಲಿಸಬಲ್ಲವರು.

ಇನ್ನು ನಿಮ್ಮ ನಿಯಮದಲ್ಲಿ ಸುಲಭವಾಗಿ ಪಾಸಾಗುತ್ತಿದ್ದವರು. 2018ರ ನವೆಂಬರ್ 24ರಂದು ಡಾನ್ ಬ್ರೌನ್ ಅವರ ಮಿಷಿಗನ್ ಡಿಫೆನ್ಸ್ ಟೋಟಲ್ ಡಿಫೆನ್ಸ್ ಪಟ್ಟಿಯ ಮೊದಲ ಸ್ಥಾನದಲ್ಲಿ ಕೂತೇ ಒಹಾಯೊ ಸ್ಟೇಟ್ ಮೈದಾನಕ್ಕೆ ಇಳಿಯಿತು, 62–39ರಲ್ಲಿ ಸೋತಿತು. ಎದುರಿನ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಆಟಗಾರ) ಡ್ವೇನ್ ಹ್ಯಾಸ್ಕಿನ್ಸ್ 396 ಯಾರ್ಡ್ ಎಸೆದು 6 ಟಚ್‌ಡೌನ್ ಮಾಡಿಸಿದರು. ಬ್ರೌನ್ ನೆಚ್ಚಿದ್ದು ಮ್ಯಾನ್ ಕವರೇಜ್ (ಒಬ್ಬೊಬ್ಬ ಎದುರಾಳಿಯ ಬೆನ್ನಿಗೆ ಒಬ್ಬೊಬ್ಬರು) ಮತ್ತು ಬ್ಲಿಟ್ಜ್ (ಹೆಚ್ಚುವರಿ ಆಟಗಾರರನ್ನು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿಸುವುದು). ಒಹಾಯೊ ಸ್ಟೇಟ್ ತನ್ನ ರಿಸೀವರ್‌ಗಳನ್ನು (ಎಸೆತ ಹಿಡಿಯುವವರು) ಆಟ ಶುರುವಾಗುವ ಗೆರೆಯಿಂದ ಕೆಲವೇ ಯಾರ್ಡ್ ಆಳದಲ್ಲಿ ಮೈದಾನಕ್ಕೆ ಅಡ್ಡಲಾಗಿ ಓಡಿಸಿತು. ಬೆನ್ನಟ್ಟುವವನು ನಡುವಿನ ಗುಂಪನ್ನು ಸುತ್ತಿಕೊಂಡು ಹೋಗುವಷ್ಟರಲ್ಲಿ ಎರಡು ಹೆಜ್ಜೆ ಹಿಂದೆ ಬೀಳುತ್ತಾನೆ. ನಡುವೆ ನಿಲ್ಲುವ ಡಿಫೆನ್ಸ್ ಆಟಗಾರ ಲೈನ್‌ಬ್ಯಾಕರ್ ಬ್ಲಿಟ್ಜ್‌ಗೆ ಹೋಗಿದ್ದರೆ ನಡುವೆ ತಡೆಯಲು ಯಾರೂ ಇರುವುದಿಲ್ಲ. ದುರ್ಬಲ ತಂಡಗಳ ಕ್ವಾರ್ಟರ್‌ಬ್ಯಾಕ್‌ಗಳು ಒತ್ತಡದಲ್ಲಿ ಈ ಎಸೆತ ಎಸೆಯಲಾರರು. ಹಾಗಾಗಿ ಅಲ್ಲಿಯವರೆಗಿನ 11 ಪಂದ್ಯಗಳ ಸರಾಸರಿಯಲ್ಲಿ ಈ ತೂತು ಕಾಣಲೇ ಇಲ್ಲ. ಆದರೆ ಆ 62ನ್ನೂ ಪೂರ್ತಿ ಬ್ರೌನ್ ತಲೆಗೆ ಕಟ್ಟುವುದು ಅನ್ಯಾಯ: ಒಂದು ಟಚ್‌ಡೌನ್ ಬಂದದ್ದು ಪಂಟ್ (ಚೆಂಡು ಒಪ್ಪಿಸಲು ಒದೆಯುವ ಒದೆತ) ಅಡ್ಡಗಟ್ಟಿ. ಆಗ ಡಿಫೆನ್ಸ್ ಮೈದಾನದಲ್ಲೇ ಇರಲಿಲ್ಲ. ಬಿಟ್ಟುಕೊಟ್ಟ ಪಾಯಿಂಟ್ ಎಣಿಸುವ ಸ್ಕೋರಿಂಗ್ ಡಿಫೆನ್ಸ್ ಪಟ್ಟಿ ಇದ್ಯಾವುದನ್ನೂ ಬೇರ್ಪಡಿಸುವುದಿಲ್ಲ.

ಟೋಟಲ್ ಡಿಫೆನ್ಸ್ ಎಂದರೆ ಪಂದ್ಯಕ್ಕೆ ಕೊಟ್ಟ ಯಾರ್ಡ್, ಅಷ್ಟೇ. ಓವರ್ ಎಷ್ಟೆಂದು ಕೇಳದೆ ಬೌಲರ್ ಕೊಟ್ಟ ರನ್ ಎಣಿಸಿದ ಹಾಗೆ. 85 ಪ್ಲೇಗಳಲ್ಲಿ (ಪ್ಲೇ ಎಂದರೆ ಚೆಂಡು ಆಟಕ್ಕೆ ಬಂದು ನಿಲ್ಲುವವರೆಗಿನ ಒಂದು ಯತ್ನ) ಪ್ರತಿ ಪ್ಲೇಗೆ 4.8 ಯಾರ್ಡ್ ಕೊಟ್ಟರೆ 408. 58 ಪ್ಲೇಗಳಲ್ಲಿ 6.2ರಂತೆ ಕೊಟ್ಟರೆ ಸುಮಾರು 360. ಪಟ್ಟಿಯಲ್ಲಿ ಎರಡನೆಯದೇ ಮೇಲೆ ಬರುತ್ತದೆ. ತಮ್ಮದೇ ಆಫೆನ್ಸ್ ಗಡಿಬಿಡಿಯಲ್ಲಿ ಆಡಿ ಬೇಗ ಚೆಂಡು ಒಪ್ಪಿಸಿದರೆ ಡಿಫೆನ್ಸ್‌ನ ಪ್ಲೇಗಳು ಏರುತ್ತವೆ, ದಂಡ ಕೋಆರ್ಡಿನೇಟರ್‌ಗೆ.

ನೀವೇ ಲೆಕ್ಕ ಹಾಕುವುದಾದರೆ, ಪ್ರತಿ ಪ್ಲೇಗೆ ಎಷ್ಟು ಯಾರ್ಡ್, ಪ್ರತಿ ಡ್ರೈವ್‌ಗೆ (ಚೆಂಡು ಕೈಗೆ ಸಿಕ್ಕು ಕೈತಪ್ಪುವವರೆಗಿನ ಪ್ಲೇಗಳ ಸರಣಿ) ಎಷ್ಟು ಪಾಯಿಂಟ್ ಎಂದು ಬರೆದುಕೊಳ್ಳಿ. ಕೆಳಗಿನ ವಿಭಾಗವಾದ ಎಫ್‌ಸಿಎಸ್ ತಂಡದ ಎದುರಿನ ಪಂದ್ಯ ತೆಗೆದುಹಾಕಿ. ಫಲಿತಾಂಶ ಆಗಲೇ ಖಚಿತವಾಗಿ ಎರಡನೇ ಸಾಲಿನ ಹುಡುಗರು ಆಡಿದ ಕೊನೆಯ ಡ್ರೈವ್‌ಗಳನ್ನೂ ಬಿಡಿ. ಆಮೇಲೆ ಬೇಸರವಾದರೂ ಬಿಡಬಾರದ ಕೆಲಸ: ಎದುರಾಳಿ ಉಳಿದವರ ಮೇಲೆ ಪ್ರತಿ ಪ್ಲೇಗೆ 6.2 ಯಾರ್ಡ್ ಗಳಿಸುತ್ತಿದ್ದು ಈ ಡಿಫೆನ್ಸ್ ಮೇಲೆ 5.4 ಗಳಿಸಿದ್ದರೆ 0.8 ಲಾಭ. ಹೀಗೆ ಪ್ರತಿ ಪಂದ್ಯಕ್ಕೂ ಬರೆದು ಸರಾಸರಿ ತೆಗೆಯಿರಿ. ಅದೇ ಕಾಲೇಜಿನಲ್ಲಿ ಆತ ಬರುವ ಹಿಂದಿನ ವರ್ಷದ ಸರಾಸರಿಯನ್ನು ಪಕ್ಕಕ್ಕಿಡಿ. ಈ ಎರಡರ ನಡುವಿನ ವ್ಯತ್ಯಾಸವೇ ಕೋಆರ್ಡಿನೇಟರ್‌ಗೆ ಅತಿ ಹತ್ತಿರದ ಅಂಕಿ. ನನಗೆ ಒಂದೇ ಸಂಖ್ಯೆ ಆರಿಸಲು ಹೇಳಿದರೆ ಇದನ್ನೇ ಆರಿಸುತ್ತೇನೆ. ಒಂದೇ ಸೀಸನ್ನಿನ 12 ಪಂದ್ಯ ನಂಬಬೇಡಿ, ಮೂರು ಸೀಸನ್ ಆದರೂ ಬೇಕು. ಹಳೆಯ ಆಟಗಾರರು ಎಷ್ಟು ಮಂದಿ ಉಳಿದಿದ್ದರು, ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಎಷ್ಟು ಮಂದಿ ಬಂದರು ಎಂಬುದನ್ನು ಜೊತೆಗೇ ನೋಡಿ.

ಟರ್ನೋವರ್‌ಗಳ (ಎದುರಾಳಿಯಿಂದ ಕಸಿದ ಚೆಂಡು) ಮೇಲೆ ಆಸೆ ಇಡಬೇಡಿ. ಚೆಂಡನ್ನು ಕೆಡವಿಸುವುದು ಕಲಿಸಿದ ವಿದ್ಯೆ. ಬಿದ್ದ ಚೆಂಡು ಯಾರ ಕೈಗೆ ಹೋಗುತ್ತದೆ ಎಂಬುದು ಹೆಚ್ಚುಕಮ್ಮಿ ಅರ್ಧಕ್ಕರ್ಧ ಅದೃಷ್ಟ. ಒಂದು ವರ್ಷ ಬಿದ್ದ 20ರಲ್ಲಿ 15 ಹಿಡಿದ ತಂಡ ಮರುವರ್ಷವೂ ಹಾಗೇ ಹಿಡಿಯುತ್ತದೆ ಎಂದು ಎಣಿಸುವಂತಿಲ್ಲ. ರನ್ ಡಿಫೆನ್ಸ್ ಅಂಕಿಯಲ್ಲೂ ಒಂದು ಮೋಸವಿದೆ: ಕಾಲೇಜು ಲೆಕ್ಕದಲ್ಲಿ ಸ್ಯಾಕ್‌ನಲ್ಲಿ (ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಕಳೆದ ಯಾರ್ಡ್ ಓಟದ ಖಾತೆಯಿಂದ ಕಳೆಯುತ್ತದೆ. ಒಳ್ಳೆಯ ಪಾಸ್ ರಷ್ ಇರುವ ತಂಡ ಓಟವನ್ನೂ ಚೆನ್ನಾಗಿ ತಡೆಯುವಂತೆ ಕಾಣುವುದು ಹೀಗೆ. ಸ್ಯಾಕ್ ತೆಗೆದು ಮತ್ತೆ ಭಾಗಿಸಿ.

ಹೆಡ್ ಕೋಚ್ ಸ್ವತಃ ಡಿಫೆನ್ಸ್ ಪಂಡಿತರಾಗಿದ್ದಲ್ಲಿ ಅಂಕಿಯ ಒಡೆತನವೇ ಗೊಂದಲ. ಅಲಬಾಮಾದಲ್ಲಿ 2008ರಿಂದ 2015ರವರೆಗೆ ಕರ್ಬಿ ಸ್ಮಾರ್ಟ್ ಕೋಆರ್ಡಿನೇಟರ್. ಮೇಲೆ ಹೆಡ್ ಕೋಚ್ ನಿಕ್ ಸೇಬನ್. ಅಂಥ ಕಡೆ ಪ್ಲೇ ಕರೆಯುತ್ತಿದ್ದವರು ಯಾರು ಎಂದು ಮೊದಲು ಕೇಳಬೇಕು.

ನಿಮ್ಮ ತಂಡಕ್ಕೆ ಹೊಸಬರು ಬಂದಾಗ ಮೊದಲ ನಾಲ್ಕು ಪಂದ್ಯ ಸಕ್ಸೆಸ್ ರೇಟ್ (ಎದುರಾಳಿ ಗೆದ್ದ ಪ್ಲೇಗಳ ಪ್ರಮಾಣ) ಗುರುತು ಹಾಕಿ. ಮೊದಲ ಡೌನ್‌ನಲ್ಲಿ (ಹತ್ತು ಯಾರ್ಡ್ ಗಳಿಸಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೊದಲನೆಯದು) ಬೇಕಾದ ಯಾರ್ಡ್‌ಗಳ ಶೇ 50, ಎರಡನೆಯದರಲ್ಲಿ ಶೇ 70, ಮೂರು ಮತ್ತು ನಾಲ್ಕರಲ್ಲಿ ಪೂರ್ತಿ ಸಿಕ್ಕರೆ ಆ ಪ್ಲೇ ಎದುರಾಳಿಗೆ ಗೆಲುವು. ಮೊದಲಾರ್ಧ, ಎರಡನೇ ಅರ್ಧ ಬೇರೆ ಬೇರೆ ಬರೆಯಿರಿ. ಮೊದಲಾರ್ಧದಲ್ಲಿ ಎರಡು ಸಲ ಹೊಡೆಸಿಕೊಂಡ ಪ್ಲೇಯನ್ನೇ ಎದುರಾಳಿ ವಿರಾಮದ ನಂತರ ಮತ್ತೆ ಆಡಿದಾಗ, ಕವರೇಜ್ ಬದಲಾಗಿದೆಯೇ ಎಂದು ಆ ಪ್ಲೇ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.