ಕೆಂಪು ನಂಬರು, ನೀಲಿ ನಂಬರು: ಪ್ರಾಗ್ ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ,

ನೀವು ಕಳಿಸಿದ ‘ಪ್ರಾಗ್: ಕನಸಿನ ಊರಲ್ಲಿ ಕಾಲ್ನಡಿಗೆ’ ಲೇಖನವನ್ನು ಪೂರ್ತಿ ಓದಿದೆ. ಈಗ ಇರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ. ಮತ್ತೆ ಬರೆದರೆ ಚೆನ್ನಾಗಿ ಬರುತ್ತದೆ ಅನ್ನುವ ನಂಬಿಕೆ ನನಗಿದೆ. ಅದಕ್ಕೇ ಇಷ್ಟು ಉದ್ದದ ಪತ್ರ.

ಮೊದಲು ನಿಮ್ಮ ಲೇಖನದಲ್ಲಿ ನನಗೆ ತುಂಬ ಹಿಡಿಸಿದ ಸಾಲು ಹೇಳುತ್ತೇನೆ. ಕೋಟೆಯಿಂದ ನೆರುದೋವಾ ಬೀದಿ ಇಳಿಯುವಾಗ ಹೀಗೆ ಬರೆದಿದ್ದೀರಿ: “ಒಂದೊಂದು ಬಾಗಿಲ ಮೇಲೂ ಎರಡೆರಡು ನಂಬರು. ಒಂದು ಕೆಂಪು, ಒಂದು ನೀಲಿ. ಯಾಕೋ ಗೊತ್ತಾಗಲಿಲ್ಲ.” ಅಷ್ಟು ಹೇಳಿ ಮುಂದಿನ ಸಾಲಿನಲ್ಲೇ ಕಾಫಿ ಕುಡಿಯಲು ಹೋಗಿಬಿಟ್ಟಿರಿ. ನೀವು ನಿಲ್ಲಬೇಕಿದ್ದ ಜಾಗ ಅದೇ.

ನೀಲಿ ನಂಬರು ಬೀದಿಯ ಸಾಲಿನದು, ನಮಗೂ ರೂಢಿ ಇರುವಂಥದ್ದು. ಕೆಂಪು ನಂಬರು ಆ ಭಾಗದ ದಾಖಲೆಯಲ್ಲಿ ಆ ಕಟ್ಟಡಕ್ಕೆ ಸಿಕ್ಕಿದ್ದು. ಹಾಗಾಗಿ ಅಕ್ಕಪಕ್ಕದ ಮನೆಗಳ ಕೆಂಪು ನಂಬರು ಒಂದರ ಹಿಂದೊಂದು ಬರಬೇಕು ಅಂತೇನಿಲ್ಲ. ಪ್ರಾಗ್ ಆಗ ಆಸ್ಟ್ರಿಯಾದ ರಾಜಮನೆತನದ ಕೈಯಲ್ಲಿತ್ತು; ಆ ಮನೆತನದ ಮರಿಯಾ ತೆರೇಸಾ ರಾಣಿಯ ಆಳ್ವಿಕೆಯಲ್ಲಿ, 1770ರಲ್ಲಿ, ಮನೆಗಳಿಗೆ ನಂಬರು ಹಾಕುವುದು ಶುರುವಾಯಿತು. ಸೈನ್ಯಕ್ಕೆ ಆಳು ಸೇರಿಸಲು ಯಾವ ಮನೆಯಲ್ಲಿ ಯಾರಿದ್ದಾರೆ ಅನ್ನುವ ಲೆಕ್ಕ ಸರ್ಕಾರಕ್ಕೆ ಬೇಕಿತ್ತು. ಅದಕ್ಕೂ ಮೊದಲು ಬಾಗಿಲ ಮೇಲಿನ ಗುರುತೇ ವಿಳಾಸ. ಮೂರು ಪಿಟೀಲಿನ ಮನೆ, ಎರಡು ಸೂರ್ಯರ ಮನೆ, ಬಿಳಿ ಹಂಸದ ಮನೆ. ಮೂರು ಪಿಟೀಲಿನ ಮನೆಯಲ್ಲಿ ನಿಜವಾಗಿಯೂ ಪಿಟೀಲು ಮಾಡುವವರೇ ಇದ್ದರು. ಎರಡು ಸೂರ್ಯರ ಮನೆಯಲ್ಲಿ ಯಾನ್ ನೆರುದಾ ಎಂಬ ಲೇಖಕ ಬೆಳೆದ. ಬೀದಿಗೆ ಈಗಿರುವುದು ಅವನ ಹೆಸರೇ. ನೀವು ಜೊತೆಗೆ ಕಳಿಸಿದ ಫೋಟೋ ಒಂದರಲ್ಲಿ ಆ ಮೂರು ಪಿಟೀಲು ಸ್ಪಷ್ಟವಾಗಿ ಕಾಣುತ್ತವೆ. ಲೇಖನದಲ್ಲಿ ಮಾತ್ರ ಅವುಗಳ ಸುದ್ದಿಯೇ ಇಲ್ಲ. ಕಣ್ಣಿಗೆ ಬಿದ್ದಿತ್ತು, ಫೋಟೋ ತೆಗೆಯಬೇಕು ಅನ್ನಿಸಿತ್ತು. ಬರೆಯಲು ಕೂತಾಗ ಯಾಕೆ ಬಿಟ್ಟಿರಿ?

ನನ್ನ ಊಹೆ ಇದು: ಲೇಖನ ಅಂದರೆ ದೊಡ್ಡ ದೊಡ್ಡ ಕಟ್ಟಡಗಳ ವರ್ಣನೆ ಅಂತ ನೀವು ಅಂದುಕೊಂಡಿದ್ದೀರಿ. ಅದಕ್ಕೇ ‘ಮನಮೋಹಕ’, ‘ಭವ್ಯ’, ‘ಕಣ್ಣಿಗೆ ಹಬ್ಬ’ ಪುಟಪುಟಕ್ಕೂ ಬಂದಿವೆ. ಇವನ್ನು ಓದಿದ ಮೇಲೂ ಕಿಟಕಿ ಹೇಗಿತ್ತು, ಕಲ್ಲು ಯಾವ ಬಣ್ಣದ್ದು ಅಂತ ನನಗೆ ಗೊತ್ತಾಗಲಿಲ್ಲ. ಪ್ರಾಗ್ ತೆಗೆದು ವಿಯೆನ್ನಾ ಅಂತ ಹಾಕಿದರೂ ಆ ವಾಕ್ಯಗಳು ಹಾಗೇ ನಡೆಯುತ್ತವೆ. ನಮ್ಮ ಓದುಗರಲ್ಲಿ ಜಾಸ್ತಿ ಜನ ಅಲ್ಲಿಗೆ ಹೋಗುವವರಲ್ಲ. ಅವರಿಗೆ ಬೇಕಿರುವುದು ನೀವು ಕಂಡದ್ದು.

ಇನ್ನು ಕೋಟೆಯೊಳಗಿನ ಸೇಂಟ್ ವಿಟಸ್ ಚರ್ಚು. ಇಲ್ಲಿ ಒಂದು ದೊಡ್ಡ ತಪ್ಪಾಗಿದೆ. “ಏಳುನೂರು ವರ್ಷಗಳಿಂದ ಈ ಜೋಡಿ ಗೋಪುರಗಳು ಊರನ್ನು ಕಾಯುತ್ತಾ ನಿಂತಿವೆ” ಎಂದಿದ್ದೀರಿ. ಇಲ್ಲ, ನಿಂತಿಲ್ಲ. ಚರ್ಚಿನ ಕೆಲಸ ಶುರುವಾದದ್ದು 1344ರಲ್ಲಿ, ನಿಜ. ಫ್ರಾನ್ಸಿನ ಅರಾಸ್‌ನಿಂದ ಬಂದ ಮಥಾಯಸ್ ಮೊದಲ ಸ್ಥಪತಿ. ಅವನು ತೀರಿಕೊಂಡ ಮೇಲೆ ಪೀಟರ್ ಪಾರ್ಲರ್ ಬಂದ, ಆಗ ಅವನಿಗಿನ್ನೂ ಇಪ್ಪತ್ತರ ಹರೆಯ. ಪೂರ್ವದ ಅರ್ಧ ಎದ್ದಿತು. ಆಮೇಲೆ 15ನೇ ಶತಮಾನದಲ್ಲಿ ಹುಸ್ಸೈಟ್ ಯುದ್ಧಗಳು, ಅಂದರೆ ಧರ್ಮದ ಹೆಸರಿನ ಯುದ್ಧಗಳು, ಬಂದು ಕೆಲಸ ನಿಂತಿತು. ಶತಮಾನಗಳ ಕಾಲ ಅದು ಅರ್ಧ ಚರ್ಚಾಗಿಯೇ ಉಳಿದಿತ್ತು. ಉಳಿದ ಅರ್ಧ ಕಟ್ಟಲು ಮತ್ತೆ ಕೈ ಹಾಕಿದ್ದು 19ನೇ ಶತಮಾನದಲ್ಲಿ, ಮುಗಿಸಿದ್ದು 1929ರಲ್ಲಿ. ನೀವು ತಲೆ ಎತ್ತಿ ನೋಡಿದ ಪಶ್ಚಿಮದ ಆ ಎರಡು ಗೋಪುರಗಳು ಈ ಹೊಸ ಭಾಗದವು. ಅವುಗಳ ನಡುವಿನ ಗುಂಡಗಿನ ಬಣ್ಣದ ಗಾಜಿನ ಕಿಟಕಿಗೆ ಇನ್ನೂ ನೂರರ ಆಸುಪಾಸು.

ಇದನ್ನು ಸುಮ್ನೆ ತಪ್ಪು ಹುಡುಕಲು ಹೇಳುತ್ತಿಲ್ಲ. ಇದು ಗೊತ್ತಿದ್ದರೆ ನಿಮ್ಮ ಇಡೀ ಪ್ಯಾರಾ ಬೇರೆಯಾಗುತ್ತದೆ. ನೀವು ಒಳಗೆ ಹೋದದ್ದು ಹೊಸ ಬಾಗಿಲಿನಿಂದ. ಮುಂದೆ ನಡೆದಷ್ಟೂ ಕಟ್ಟಡ ಹಳೆಯದಾಗುತ್ತಾ ಹೋಗುತ್ತದೆ, ಕೊನೆಯಲ್ಲಿ ಪಾರ್ಲರ್ ಕಾಲಕ್ಕೆ ತಲುಪುತ್ತೀರಿ. ಕಾಲ್ನಡಿಗೆಯ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಎಲ್ಲಿ ಸಿಗುತ್ತದೆ ಹೇಳಿ? ಹೊರಗೆ ಬಂದು ದಕ್ಷಿಣದ ದೊಡ್ಡ ಗೋಪುರವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ ಅಲ್ಲೂ ಹೀಗೇ: ಬುಡ ಹಳೆಯ ಗೋಥಿಕ್ ಶೈಲಿಯದು, ಮೇಲಿನ ಮೊಗಸಾಲೆ ಅದರ ನಂತರದ ರಿನೈಸಾನ್ಸ್ ಕಾಲದ್ದು, ತುದಿಯ ಟೋಪಿ ಅದಕ್ಕೂ ಈಚಿನ ಬರೋಕ್ ಶೈಲಿಯದು.

ಈ ಚರ್ಚನ್ನು “ನಮ್ಮ ಬೇಲೂರಿನ ಹಾಗೆ” ಅಂತ ಒಂದು ಮಾತಲ್ಲಿ ಹೇಳಿ ಬಿಟ್ಟಿದ್ದೀರಿ. ಕೆತ್ತನೆ ಜಾಸ್ತಿ ಇದೆ ಅನ್ನುವುದಕ್ಕಷ್ಟೇ ಆದರೆ ಆ ಮಾತು ಬೇಡ. ನಿಜವಾದ ಹೋಲಿಕೆ ಬೇರೆ ಕಡೆ ಇದೆ. ಚರ್ಚಿನ ಹಳೆಯ ಭಾಗದಲ್ಲಿ, ಕಮಾನುಗಳ ಮೇಲೆ ಎತ್ತರದಲ್ಲಿ, ಆಗಿನ ರಾಜ ನಾಲ್ಕನೇ ಚಾರ್ಲ್ಸ್ ಮತ್ತು ಅವನ ಮನೆಯವರ ಮುಖಗಳನ್ನು ಕಲ್ಲಲ್ಲಿ ಕೆತ್ತಿದ್ದಾರೆ. ಅದೇ ಸಾಲಿನಲ್ಲಿ ಪಾರ್ಲರ್‌ನ ಮುಖವೂ ಇದೆ. ಕೆಳಗೆ ನಿಂತವರಿಗೆ ಅದು ಸರಿಯಾಗಿ ಕಾಣುವುದಿಲ್ಲ. ಬೇಲೂರಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೆತ್ತಿದ್ದಾನೆ. ರಾಜನ ಕೆಲಸ ಮಾಡುತ್ತಲೇ ‘ಇದನ್ನು ಮಾಡಿದವನು ನಾನು’ ಎಂದು ಕಲ್ಲಲ್ಲಿ ಹೇಳಿದ ಇಬ್ಬರು ಇವರು. ಬೇಲೂರನ್ನು ಇಲ್ಲಿಗೆ ತನ್ನಿ, ಖಂಡಿತ ತನ್ನಿ, ಆದರೆ ಇಂಥ ಕಡೆ ತನ್ನಿ.

ಹಳೇ ಪೇಟೆಯ ಚೌಕದ ಖಗೋಳ ಗಡಿಯಾರದ ಭಾಗ ಅರ್ಧಕ್ಕೆ ಇಳಿಸಿ. ಗಡಿಯಾರ ಮಾಡಿದ ಹನುಷ್‌ನ ಕಣ್ಣು ಕೀಳಿಸಿದರು ಅನ್ನುವುದು ದಂತಕಥೆ. ನೀವು ಅದನ್ನು ಇತಿಹಾಸ ಅಂತ ಹೇಳಿದ್ದೀರಿ. 1410ರಲ್ಲಿ ಅದನ್ನು ಮಾಡಿದವನು ಕದಾನ್ ಊರಿನ ಮಿಕುಲಾಷ್. ಗಂಟೆ ಹೊಡೆದಾಗ ಹೊರಬರುವ ಗೊಂಬೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆ ಗೊಂಬೆಗಳು 1945ರಲ್ಲಿ ಗಡಿಯಾರಕ್ಕೆ ಬೆಂಕಿ ಬಿದ್ದ ಮೇಲೆ ಹೊಸದಾಗಿ ಮಾಡಿದವು. ಮುಖಫಲಕದ ಹೊರಗಿನ ಬಳೆಯನ್ನು ಗಮನಿಸಿದಿರಾ? ಅದು ಸೂರ್ಯ ಮುಳುಗಿದಾಗಿನಿಂದ ಗಂಟೆ ಎಣಿಸುತ್ತದೆ. ಸಂಜೆ ಬೇಗ ಆದ ಹಾಗೆ, ತಡವಾದ ಹಾಗೆ ಆ ಬಳೆಯೂ ಸರಿಯುತ್ತದೆ. ನನಗೆ ಅದರ ಮುಂದೆ ಗೊಂಬೆಗಳು ಏನೂ ಅಲ್ಲ.

ಚಾರ್ಲ್ಸ್ ಸೇತುವೆಯ ಮೂರ್ತಿಗಳನ್ನು ‘ಶತಮಾನಗಳ ಮಳೆ ಬಿಸಿಲು ಕಂಡವು’ ಎಂದಿದ್ದೀರಿ. ಅವುಗಳಲ್ಲಿ ಹಲವು ಪ್ರತಿಗಳು. ಮರಳುಗಲ್ಲು ಸವೆಯುತ್ತದೆ ಅಂತ ಮೂಲ ಮೂರ್ತಿಗಳನ್ನು ಮ್ಯೂಸಿಯಂಗೆ ಒಯ್ದಿದ್ದಾರೆ. ಆ ಒಂದು ವಾಕ್ಯ ಸರಿಮಾಡಿ, ಸಾಕು.

ಇನ್ನೊಂದು ಕಡೆ ನಿಮಗೇ ಗೊತ್ತಿಲ್ಲದೆ ಒಂದು ಒಳ್ಳೆಯ ಸಂಗತಿ ಸಿಕ್ಕಿದೆ. ಹಳೇ ಪೇಟೆಯಲ್ಲಿ ನೆಲಮಾಳಿಗೆಯ ಹೋಟೆಲಿನಲ್ಲಿ ಊಟ ಮಾಡಿದ್ದನ್ನು ಬರೆದಿದ್ದೀರಿ. ಇರುವುದೆಲ್ಲ ಸೂಪಿನ ರುಚಿ, ಬಿಲ್ಲಿನ ಮೊತ್ತ. ಆ ಪೇಟೆಯ ಹಲವು ನೆಲಮಾಳಿಗೆಗಳು ಹುಟ್ಟಿನಿಂದ ನೆಲಮಾಳಿಗೆಗಳಲ್ಲ. 12ನೇ ಶತಮಾನದಲ್ಲಿ ಅವು ಬೀದಿಯ ಮಟ್ಟದ ಕೋಣೆಗಳು. ವ್ಲ್ತಾವಾ ನದಿ ಉಕ್ಕಿದಾಗಲೆಲ್ಲ ನೀರು ನುಗ್ಗುತ್ತಿತ್ತು ಅಂತ 13ನೇ ಶತಮಾನದಲ್ಲಿ ಮಣ್ಣು ತುಂಬಿ ಬೀದಿಗಳನ್ನೇ ಎತ್ತರಿಸಿದರು. ಮನೆಗಳ ಕೆಳಗಿನ ಅಂತಸ್ತು ನೆಲದಡಿಗೆ ಹೋಯಿತು. ನೀವು ಕೂತ ಹೋಟೆಲ್ ಅಂಥದ್ದೇ ಇರಬಹುದು. ನಿಮ್ಮ ಫೋಟೋಗಳಲ್ಲಿ ಹುಡುಕಿ: ಗೋಡೆಯಲ್ಲಿ ಹಳದಿ ಛಾಯೆಯ ಚೌಕ ಕಲ್ಲುಗಳು ಒತ್ತಾಗಿ ಸಾಲಾಗಿ ಇವೆಯಾ? ಇದ್ದರೆ ಹೋಟೆಲಿನವರಿಗೇ ಒಂದು ಮೇಲ್ ಮಾಡಿ ಕೇಳಿ. ಹೌದು ಅಂದರೆ, ಎಂಟುನೂರು ವರ್ಷ ಹಿಂದಿನ ಬೀದಿಯ ಮಟ್ಟದಲ್ಲಿ ಕೂತು ಊಟ ಮಾಡಿದಿರಿ ಅಂತಾಯಿತು. ಬಿಲ್ಲಿನ ಜಾಗಕ್ಕೆ ಇದನ್ನು ಬರೆಯಬಹುದಲ್ವಾ?

ಇನ್ನು ದಾರಿ. ನಿಮ್ಮ ಲೇಖನ ಕೋಟೆಯಿಂದ ‘ಕುಣಿಯುವ ಮನೆ’ಗೆ ಹಾರುತ್ತದೆ, ಅಲ್ಲಿಂದ ಗಡಿಯಾರಕ್ಕೆ, ಮತ್ತೆ ವಾಪಸ್ ಸೇತುವೆಗೆ. ಓದುವವರು ನಿಮ್ಮ ಹಿಂದೆ ನಡೆಯಲು ಆಗುವುದಿಲ್ಲ. ಪ್ರಾಗ್ ರಾಜಧಾನಿಯಾಗಿದ್ದ ಬೊಹೆಮಿಯಾ ರಾಜ್ಯದ ರಾಜರು ಪಟ್ಟಾಭಿಷೇಕಕ್ಕೆ ಹೋಗುತ್ತಿದ್ದ ದಾರಿ ಒಂದಿದೆ. ಈಗಿನ ಪೌಡರ್ ಟವರ್ ಇರುವ ಕಡೆಯಿಂದ ತ್ಸೆಲೆತ್ನಾ ಬೀದಿ, ಹಳೇ ಪೇಟೆಯ ಚೌಕ, ಕಾರ್ಲೋವಾ ಬೀದಿ, ಸೇತುವೆ, ನೆರುದೋವಾ ಏರು, ಕೋಟೆ. ನೀವು ನೋಡಿದ್ದರಲ್ಲಿ ಹೆಚ್ಚಿನದು ಇದೇ ದಾರಿಯ ಮೇಲಿದೆ. ನೀವು ಅದನ್ನು ಉಲ್ಟಾ ಇಳಿದಿದ್ದೀರಿ, ಪರವಾಗಿಲ್ಲ, ಇಳಿದ ಹಾಗೇ ಬರೆಯಿರಿ. ಕುಣಿಯುವ ಮನೆ 1996ರ ಚೆಂದದ ಕಟ್ಟಡ, ಆದರೆ ಈ ದಾರಿಯಲ್ಲಿಲ್ಲ, ತೆಗೆದುಬಿಡಿ. ತ್ಸೆಲೆತ್ನಾದಲ್ಲಿ 1912ರ ಒಂದು ಕ್ಯೂಬಿಸ್ಟ್ (ಕೋನ ಕೋನದ ಆಕಾರಗಳ ಶೈಲಿಯ) ಕಟ್ಟಡವಿದೆ, ಯೋಸೆಫ್ ಗೊಚಾರ್ ಕಟ್ಟಿದ್ದು. ಮೂಲೆಯಲ್ಲಿ ಪಂಜರದೊಳಗೆ ಕಪ್ಪು ಮೇರಿಯ ಮೂರ್ತಿ ಇದೆ. ಅದನ್ನು ನೋಡಿದ ನೆನಪಿದ್ದರೆ ಸೇರಿಸಿ. ನೆನಪಿಲ್ಲದಿದ್ದರೆ ನಾನು ಹೇಳಿದೆ ಅಂತ ದಯವಿಟ್ಟು ಸೇರಿಸಬೇಡಿ.

ಹೊಸ ಪ್ರತಿ 1,500 ಪದ ದಾಟದಿರಲಿ. ಫೋಟೋಗಳಲ್ಲಿ ಸೇತುವೆಯ ಸೂರ್ಯಾಸ್ತ ನಮ್ಮ ಹತ್ತಿರ ಬೇಕಾದಷ್ಟಿವೆ. ಮೂರು ಪಿಟೀಲಿನದ್ದನ್ನು ದೊಡ್ಡ ಸೈಜಿನಲ್ಲಿ ಕಳಿಸಿ. ಕೆಂಪು ನೀಲಿ ನಂಬರುಗಳೆರಡೂ ಕಾಣುವ ಬಾಗಿಲಿನ ಫೋಟೋ ಇದ್ದರೆ ಅದನ್ನೂ ಕಳಿಸಿ. ಮುಂದಿನ ತಿಂಗಳ ಕೊನೆಯೊಳಗೆ ಬಂದರೆ ನಾನೇ ಕೂತು ಓದುತ್ತೇನೆ.

ನಿಮ್ಮ,
ಸಂಪಾದಕ