ವರ್ಚುವಲೈಸೇಶನ್ ಮಾಡಿ ಆರು ತಿಂಗಳಾಯ್ತು, ಡೇಟಾ ಸೆಂಟರ್‌ನ ಕರೆಂಟ್ ಬಿಲ್ ಯಾಕೆ ಇಳಿದಿಲ್ಲ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ವರ್ಚುವಲೈಸೇಶನ್ ಮಾಡಿ, ಅಂದರೆ ಒಂದೇ ಮಷಿನ್‌ನೊಳಗೆ ಸಾಫ್ಟ್‌ವೇರ್ ಮೂಲಕ ಹಲವು ಸರ್ವರ್‌ಗಳು ಓಡುವ ಹಾಗೆ ಮಾಡಿ, ನಲವತ್ತು ಹಳೇ ಸರ್ವರ್‌ಗಳ ಕೆಲಸವನ್ನು ಮೂರು ಹೊಸ ಹೋಸ್ಟ್‌ಗಳಿಗೆ (ಅವನ್ನೆಲ್ಲ ಹೊರುವ ದೊಡ್ಡ ಮಷಿನ್‌ಗಳಿಗೆ) ಸಾಗಿಸಿದ್ದೀರಿ. ಆರು ತಿಂಗಳಾದರೂ ಬಿಲ್ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಸಾಲದ್ದಕ್ಕೆ ಪಿಯುಇ (ಡೇಟಾ ಸೆಂಟರ್‌ನ ಕರೆಂಟ್ ಬಳಕೆಯ ಅಳತೆ, ಕಮ್ಮಿ ಇದ್ದಷ್ಟೂ ಒಳ್ಳೇದು) ಮೊದಲಿಗಿಂತ ಏರಿದೆ. ಹಾಗಾಗಿ ಈ ಯೋಜನೆಗೆ ಹಾಕಿದ ದುಡ್ಡು ದಂಡವಾಯ್ತಾ ಎಂದು ಮೇಲಿನವರು ಕೇಳುತ್ತಿದ್ದಾರೆ.

ದಂಡ ಆಗಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ, ಅಷ್ಟೇ. ವರ್ಚುವಲೈಸೇಶನ್ ತಾನಾಗಿ ಒಂದು ಯೂನಿಟ್ ಕರೆಂಟನ್ನೂ ಉಳಿಸುವುದಿಲ್ಲ. ಹಳೇ ಮಷಿನ್ ಆಫ್ ಮಾಡಿ, ಪ್ಲಗ್ ಕಿತ್ತು, ಅದಕ್ಕೆ ತಕ್ಕಂತೆ ಎಸಿಯನ್ನೂ ಇಳಿಸಿದಾಗಲೇ ಮೀಟರ್ ನಿಧಾನ ಆಗುವುದು. ನಾನು ಸರ್ವರ್, ಕೂಲಿಂಗ್ ಎರಡರ ಜೊತೆಗೂ ಕೆಲಸ ಮಾಡುತ್ತೇನೆ. ಈ ಕೊನೆಯ ಎರಡು ಹೆಜ್ಜೆ ಯಾರ ಜವಾಬ್ದಾರಿ ಅನ್ನೋದು ತೀರ್ಮಾನವಾಗದೆ ಉಳಿದುಬಿಡುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಐಟಿಯವರು ವಿಎಂ (ವರ್ಚುವಲ್ ಮಷಿನ್, ಅಂದರೆ ಹೋಸ್ಟ್‌ನೊಳಗೆ ಓಡುವ ಸರ್ವರ್) ಸಾಗಿಸಿ ಮುಗಿಯಿತು ಅನ್ನುತ್ತಾರೆ. ಎಸಿ ನೋಡಿಕೊಳ್ಳುವವರಿಗೆ ಲೋಡ್ ಇಳಿದಿದೆ ಎಂದು ಯಾರೂ ಹೇಳಿರುವುದೇ ಇಲ್ಲ.

ಮೊದಲು ಆ ನಲವತ್ತು ಮಷಿನ್‌ಗಳಲ್ಲಿ ಎಷ್ಟು ಇನ್ನೂ ಆನ್ ಇವೆ, ಹೋಗಿ ಎಣಿಸಿ. "ಏನಾದರೂ ಹೆಚ್ಚುಕಮ್ಮಿ ಆದರೆ ಬೇಕಾಗುತ್ತೆ" ಎಂದು ಬಿಟ್ಟಿದ್ದು ಹಾಗೇ ಓಡುತ್ತಿರುತ್ತದೆ. ಕೆಲಸವಿಲ್ಲದ ಸರ್ವರ್ ಕರೆಂಟ್ ತಿನ್ನುವುದಿಲ್ಲ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಅದು ಪ್ರಯಾಣಿಕರಿಲ್ಲದೆ ಇಂಜಿನ್ ಆನ್ ಮಾಡಿಕೊಂಡು ನಿಂತ ಬಸ್ಸಿನ ಹಾಗೆ. ಗೂಗಲ್‌ನ ಲೂಯಿಜ್ ಬರೋಸೊ ಮತ್ತು ಉರ್ಸ್ ಹೋಲ್ಜ್ಲೆ 2007ರಲ್ಲೇ ಇದರ ಬಗ್ಗೆ ಬರೆದಿದ್ದರು. ಸರ್ವರ್‌ಗಳು ಹೆಚ್ಚು ಹೊತ್ತು ಶೇ. 10ರಿಂದ 50ರಷ್ಟು ಕೆಲಸದಲ್ಲೇ ಇರುತ್ತವೆ, ಆಗಿನ ಒಳ್ಳೇ ಸರ್ವರ್ ಕೂಡ ಸುಮ್ನೆ ಇದ್ದಾಗ ಪೂರ್ತಿ ಲೋಡಿನ ಅರ್ಧದಷ್ಟು ಕರೆಂಟ್ ಎಳೆಯುತ್ತದೆ ಎಂದು. ಈಗಿನ ಮಷಿನ್‌ಗಳು ಸುಧಾರಿಸಿವೆ, ನಿಜ. ಆದರೆ ನೀವು ತೆಗೆಯಬೇಕಿರುವುದು ಹಳೇ ಮಷಿನ್‌ಗಳನ್ನೇ ಅಲ್ವಾ? 150 ವ್ಯಾಟ್ ಎಳೆಯುತ್ತಾ ಸುಮ್ನೆ ನಿಂತ ಒಂದು ಸರ್ವರ್ ವರ್ಷಕ್ಕೆ 1,314 ಯೂನಿಟ್ ಖರ್ಚು ಮಾಡುತ್ತದೆ. ಎಸಿ, ಯುಪಿಎಸ್ ಖರ್ಚು ಇದರ ಮೇಲೆ.

ಇನ್ನೊಂದು ಜಾತಿಯ ಮಷಿನ್‌ಗಳಿವೆ. ಯಾವ ಕೆಲಸಕ್ಕೆ ಇಟ್ಟಿದ್ದು ಅನ್ನೋದೇ ಯಾರಿಗೂ ನೆನಪಿಲ್ಲದವು. ಜೊನಾಥನ್ ಕೂಮಿ ಮತ್ತು ಜಾನ್ ಟೇಲರ್ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ನೋಡಿದ ಸರ್ವರ್‌ಗಳಲ್ಲಿ ಸುಮಾರು ಶೇ. 30ರಷ್ಟು ಆರು ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಕಾಲ ಉಪಯೋಗದ ಕೆಲಸ ಏನನ್ನೂ ಮಾಡಿರಲಿಲ್ಲ. ಇಂಥವನ್ನು ವಿಎಂ ಮಾಡಿ ಹೊಸ ಹೋಸ್ಟ್‌ಗೆ ಸಾಗಿಸುವುದು ಬೇಡ, ತೆಗೆದೇಬಿಡಬೇಕು. ಸಿಪಿಯು ಗ್ರಾಫ್ ಒಂದನ್ನೇ ನಂಬಬೇಡಿ. ಆಂಟಿವೈರಸ್, ಬ್ಯಾಕಪ್ ಏಜೆಂಟ್ ಓಡುತ್ತಿದ್ದರೂ ಗ್ರಾಫ್ ಮೇಲೆ ಕೆಳಗೆ ಆಗುತ್ತಿರುತ್ತದೆ. ಯಾರು ಲಾಗಿನ್ ಆಗಿದ್ದಾರೆ, ಹೊರಗಿನಿಂದ ಯಾವ ಕನೆಕ್ಷನ್ ಬರುತ್ತಿದೆ, ಅದನ್ನು ನೋಡಿ. ಅನುಮಾನ ಇದ್ದರೆ ಮೊದಲು ನೆಟ್‌ವರ್ಕ್ ಕೇಬಲ್ ಮಾತ್ರ ತೆಗೆದು ಕಾಯಿರಿ. ಒಂದು ತಿಂಗಳ ಕೊನೆ, ಸಾಧ್ಯವಾದರೆ ಮೂರು ತಿಂಗಳ ಲೆಕ್ಕ ಮುಗಿಸುವ ದಿನವೂ ದಾಟಲಿ. ಯಾರೂ ಕೇಳದಿದ್ದರೆ ಬ್ಯಾಕಪ್ ಇಟ್ಟುಕೊಂಡು ರ‍್ಯಾಕ್‌ನಿಂದ ಇಳಿಸಿ.

ಈಗ ಪಿಯುಇ ವಿಷಯ. ನಿಮ್ಮ ಮೇಲಿನವರಿಗೆ ಹೇಳಲೇಬೇಕಾದ ಮಾತು ಇದು. ಡೇಟಾ ಸೆಂಟರ್‌ಗೆ ಬರುವ ಒಟ್ಟು ಕರೆಂಟನ್ನು ಐಟಿ ಉಪಕರಣಗಳು ಬಳಸುವ ಕರೆಂಟಿನಿಂದ ಭಾಗಿಸಿದರೆ ಪಿಯುಇ ಬರುತ್ತದೆ. 2007ರಲ್ಲಿ ಗ್ರೀನ್ ಗ್ರಿಡ್ ಒಕ್ಕೂಟ ಇದನ್ನು ಬಳಕೆಗೆ ತಂದಿತು. ಕೂಲಿಂಗ್ ಮತ್ತು ಪವರ್ ವ್ಯವಸ್ಥೆ ಎಷ್ಟು ಚೆನ್ನಾಗಿದೆ ಎಂದು ನೋಡಲು ಅದು ಒಳ್ಳೇ ಅಳತೆ. ಸರ್ವರ್‌ಗಳು ಉಪಯೋಗದ ಕೆಲಸ ಮಾಡುತ್ತಿವೆಯಾ ಅನ್ನೋದನ್ನು ಅದು ಹೇಳುವುದೇ ಇಲ್ಲ.

ಒಂದು ಲೆಕ್ಕ ನೋಡಿ. ಮೊದಲು ಐಟಿ ಲೋಡ್ 100 ಕಿಲೋವ್ಯಾಟ್, ಎಸಿ, ಯುಪಿಎಸ್, ದೀಪ ಎಲ್ಲ ಸೇರಿ 80 ಇತ್ತು ಅಂದುಕೊಳ್ಳಿ. ಒಟ್ಟು 180, ಪಿಯುಇ 1.8. ಸರ್ವರ್ ತೆಗೆದ ಮೇಲೆ ಐಟಿ 50ಕ್ಕೆ ಇಳಿಯಿತು, ಉಳಿದದ್ದು 60ಕ್ಕೆ ಮಾತ್ರ ಇಳಿಯಿತು. ಒಟ್ಟು 110. ಪಿಯುಇ 2.2! ಬಳಕೆ ಸುಮಾರು ಶೇ. 39 ಕಮ್ಮಿಯಾಗಿದೆ, ಆದರೆ ವರದಿಯಲ್ಲಿ ಸಂಖ್ಯೆ ಕೆಟ್ಟದಾಗಿ ಕಾಣುತ್ತದೆ. ಈ ಒಂದು ಸಂಖ್ಯೆ ನೋಡಿ ಒಳ್ಳೇ ಯೋಜನೆಯನ್ನು ನಿಲ್ಲಿಸಿಬಿಟ್ಟರೆ ಅದು ನಿಜಕ್ಕೂ ಅನ್ಯಾಯ. ಹಾಗಾಗಿ ತಿಂಗಳ ಒಟ್ಟು ಯೂನಿಟ್ ಮೊದಲು ತೋರಿಸಿ, ಪಿಯುಇ ಆಮೇಲೆ.

ನಿಮ್ಮ ಪಿಯುಇ ಏರಿರುವುದು ಒಂದು ಸುಳಿವೂ ಹೌದು. ಐಟಿ ಲೋಡ್ ಸ್ವಲ್ಪವಾದರೂ ಇಳಿದಿದೆ, ಕೂಲಿಂಗ್ ಮಾತ್ರ ಹಳೇ ಲೆಕ್ಕದಲ್ಲೇ ಓಡುತ್ತಿದೆ. ಬಿಲ್ ಇಳಿಯದಿರಲು ದೊಡ್ಡ ಕಾರಣ ಇಲ್ಲೇ ಇರಬಹುದು.

ಎಸಿ ಯೂನಿಟ್‌ಗಳ ಫ್ಯಾನ್ ವೇಗ ಬದಲಿಸಲು ಬರುತ್ತದಾ, ಕೇಳಿ. ಬರುವುದಾದರೆ ಅದಕ್ಕಿಂತ ಸುಲಭದ ಉಳಿತಾಯ ಇನ್ನೊಂದಿಲ್ಲ. ಫ್ಯಾನ್ ಎಳೆಯುವ ಪವರ್ ಅದರ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ವೇಗ ಶೇ. 80ಕ್ಕೆ ಇಳಿಸಿದರೆ ಪವರ್ ಹೆಚ್ಚುಕಮ್ಮಿ ಅರ್ಧ ಆಗುತ್ತದೆ. ವೇಗ ಬದಲಿಸಲು ಬರದ ಹಳೇ ಯೂನಿಟ್‌ಗಳಾದರೆ, ಸ್ಟ್ಯಾಂಡ್‌ಬೈ ಒಂದು ಉಳಿಸಿಕೊಂಡು ಹೆಚ್ಚಿನದನ್ನು ಆಫ್ ಮಾಡಿ.

ತಾಪಮಾನವನ್ನೂ ನೋಡಿ. ಸರ್ವರ್‌ನ ಮುಂಭಾಗಕ್ಕೆ ಬರುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇರಲಿ ಅನ್ನುತ್ತದೆ ಎಸಿ ಎಂಜಿನಿಯರುಗಳ ಆಶ್ರೇ (ASHRAE) ಸಂಸ್ಥೆಯ ಶಿಫಾರಸು. ಒಳಗೆ ಹೋದರೆ ನಡುಕ ಬರುವಷ್ಟು ಚಳಿ ಬೇಕಾಗಿಲ್ಲ. ಆದರೆ ಒಂದೇ ಸಲ ಏರಿಸಬೇಡಿ. ಮೊದಲು ಸರ್ವರ್ ತೆಗೆದ ಖಾಲಿ ಜಾಗಕ್ಕೆ ಬ್ಲಾಂಕಿಂಗ್ ಪ್ಯಾನೆಲ್ ಅನ್ನೋ ಮುಚ್ಚಳ ಹಾಕಿ. ಇಲ್ಲದಿದ್ದರೆ ಹಿಂದಿನ ಬಿಸಿ ಗಾಳಿ ಅದೇ ಸಂದಿಯಲ್ಲಿ ಮುಂದಕ್ಕೆ ನುಗ್ಗುತ್ತದೆ. ಆಮೇಲೆ ಒಂದೊಂದೇ ಡಿಗ್ರಿ ಏರಿಸಿ, ಕೆಲವು ದಿನ ನೋಡಿ. ಒಂದು ಹಂತ ದಾಟಿದರೆ ಸರ್ವರ್‌ಗಳ ಒಳಗಿನ ಫ್ಯಾನ್‌ಗಳೇ ಜೋರಾಗಿ ತಿರುಗಲು ಶುರುವಾಗಿ, ಎಸಿಯಲ್ಲಿ ಉಳಿಸಿದ್ದನ್ನು ಅವು ತಿಂದುಹಾಕುತ್ತವೆ. ಅಲ್ಲಿಗೆ ನಿಲ್ಲಿಸಿ. ಮೂರು ಹೊಸ ಹೋಸ್ಟ್‌ಗಳೂ ಒಂದೇ ರ‍್ಯಾಕ್‌ನಲ್ಲಿದ್ದರೆ ಬೇರೆ ಬೇರೆ ಕಡೆ ಹಂಚಿ. ಬಿಸಿ ಒಂದೇ ಕಡೆ ಸೇರುವುದಿಲ್ಲ, ಒಂದು ರ‍್ಯಾಕ್‌ಗೆ ಕರೆಂಟ್ ನಿಂತರೆ ಎಲ್ಲವೂ ಒಟ್ಟಿಗೆ ಬೀಳುವುದೂ ಇಲ್ಲ.

ಹೋಸ್ಟ್‌ಗಳು ಸಾಲುತ್ತವಾ ಎಂದೂ ಕೇಳಿದ್ದೀರಿ. ಸಾಮಾನ್ಯವಾಗಿ ಮೊದಲು ಮುಗಿಯುವುದು ಮೆಮೊರಿ, ಸಿಪಿಯು ಅಲ್ಲ. ನಲವತ್ತು ಸರ್ವರ್‌ಗಳು ತಲಾ 12 ಜಿಬಿ ನಿಜವಾಗಿ ಬಳಸಿದರೆ ಒಟ್ಟು 480 ಜಿಬಿ. ತಲಾ 512 ಜಿಬಿ ಇರುವ ಮೂರು ಹೋಸ್ಟ್ ಇದ್ದರೆ ಒಂದು ಕೆಟ್ಟರೂ ಉಳಿದ ಎರಡು ಧಾರಾಳವಾಗಿ ಹೊರುತ್ತವೆ. ಹಳೇ ಮಷಿನ್‌ಗಳು ತಲಾ 160 ವ್ಯಾಟ್ ಅಂದರೆ 6.4 ಕಿಲೋವ್ಯಾಟ್. ಹೊಸ ಹೋಸ್ಟ್ ತಲಾ 450 ವ್ಯಾಟ್ ಎಳೆದರೂ ಮೂರಕ್ಕೆ 1.35. ವ್ಯತ್ಯಾಸ ವರ್ಷಕ್ಕೆ 44 ಸಾವಿರ ಯೂನಿಟ್ ದಾಟುತ್ತದೆ, ಕೂಲಿಂಗ್ ಸೇರಿಸದೆಯೇ. ನಿಮ್ಮ ನಿಜವಾದ ಅಂಕಿಗಳನ್ನು ಐಪಿಎಂಐ (ಸರ್ವರನ್ನು ದೂರದಿಂದ ನೋಡಿಕೊಳ್ಳುವ ವ್ಯವಸ್ಥೆ) ಮೂಲಕ ಅಥವಾ ರ‍್ಯಾಕ್‌ನ ಪಿಡಿಯು (ಸರ್ವರ್‌ಗಳಿಗೆ ಕರೆಂಟ್ ಹಂಚುವ ಪಟ್ಟಿ) ಮೀಟರ್‌ನಿಂದ ತೆಗೆದುಕೊಂಡು ಇದೇ ಲೆಕ್ಕ ಮಾಡಿ.

ಸರಾಸರಿ ನೋಡಿ ಮೋಸ ಹೋಗಬೇಡಿ. ಎಲ್ಲ ವಿಎಂಗಳ ಬ್ಯಾಕಪ್ ರಾತ್ರಿ ಹನ್ನೆರಡಕ್ಕೇ ಶುರುವಾದರೆ ಆ ಒಂದು ಗಂಟೆಗಾಗಿ ನೀವು ಹೆಚ್ಚು ಹೋಸ್ಟ್ ಇಟ್ಟುಕೊಳ್ಳಬೇಕಾಗುತ್ತದೆ. ಸಮಯ ಹಂಚಿದರೆ ಸಾಕು. ಎರಡು ವಿಸಿಪಿಯು (ವಿಎಂಗೆ ಹಂಚುವ ಸಿಪಿಯು ಪಾಲು) ಸಾಕಾಗುವ ವಿಎಂಗೆ ಎಂಟು ಕೊಡುವುದೂ ಅಷ್ಟೇ ಕೆಟ್ಟದ್ದು. ಎಲ್ಲರೂ ಸಿಪಿಯು ಸರದಿಗೆ ಕಾಯುತ್ತಾರೆ, ವರ್ಚುವಲೈಸೇಶನ್ ನಿಧಾನ ಎಂಬ ದೂರು ಬರುತ್ತದೆ. ಇಂಟೆಲ್ 2005ರಲ್ಲಿ, ಎಎಂಡಿ 2006ರಲ್ಲಿ ಪ್ರೊಸೆಸರ್ ಒಳಗೇ ವರ್ಚುವಲೈಸೇಶನ್‌ಗೆ ಬೆಂಬಲ ಕೊಟ್ಟವು. ಈಗ ನಿಧಾನ ಅನಿಸಿದರೆ ಹೆಚ್ಚಾಗಿ ತಪ್ಪು ಹಂಚಿಕೆಯೇ ಕಾರಣ. ಪ್ರತಿ ವಿಎಂಗೂ ಒಬ್ಬರ ಹೆಸರು, ಒಂದು ಮುಗಿಯುವ ದಿನಾಂಕ ಇರಲಿ. ಇಲ್ಲದಿದ್ದರೆ ಇನ್ನೆರಡು ವರ್ಷಕ್ಕೆ ನಾಲ್ಕನೇ ಹೋಸ್ಟ್ ಕೊಳ್ಳುತ್ತೀರಿ.

ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಮೊದಲು ಬಯೋಸ್ (ಮಷಿನ್‌ನ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ತೆರೆದು ನೋಡಿ. ಅಲ್ಲಿ ಮ್ಯಾಕ್ಸಿಮಮ್ ಪರ್ಫಾರ್ಮೆನ್ಸ್ ಎಂದು ಇದ್ದರೆ ಸಿ-ಸ್ಟೇಟ್‌ಗಳು (ಪ್ರೊಸೆಸರ್ ಮಲಗುವ ಹಂತಗಳು) ಆಫ್ ಆಗಿರುವ ಸಾಧ್ಯತೆ ಜಾಸ್ತಿ. ಆಗ ಕೆಲಸವಿಲ್ಲದಾಗಲೂ ಪ್ರೊಸೆಸರ್ ಆಳವಾಗಿ ಮಲಗುವುದಿಲ್ಲ. ಓಎಸ್ ಕಂಟ್ರೋಲ್‌ಗೆ ಬದಲಿಸಿ, ವಿಎಂಗಳನ್ನು ಓಡಿಸುವ ಹೈಪರ್‌ವೈಸರ್ ಸಾಫ್ಟ್‌ವೇರ್‌ನಲ್ಲಿ ಬ್ಯಾಲೆನ್ಸ್ಡ್ ಇಡಿ. ಚಿಪ್ ಎಳೆಯುವ ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ವೋಲ್ಟೇಜ್, ವೇಗ ಎರಡೂ ಇಳಿದಾಗ ಲಾಭ ಚೆನ್ನಾಗಿಯೇ ಇರುತ್ತದೆ. ಮೈಕ್ರೋಸೆಕೆಂಡ್ ಕೂಡ ಲೆಕ್ಕಕ್ಕೆ ಬರುವ ಕೆಲಸ ನಿಮ್ಮಲ್ಲಿದ್ದರೆ ಆ ಹೋಸ್ಟ್ ಒಂದನ್ನು ಮುಟ್ಟಬೇಡಿ. ಉಳಿದವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ರಾತ್ರಿ ಲೋಡ್ ಇಳಿದಾಗ ವಿಎಂಗಳನ್ನು ಕಮ್ಮಿ ಹೋಸ್ಟ್‌ಗೆ ಸೇರಿಸಿ, ಖಾಲಿ ಹೋಸ್ಟನ್ನು ತಾನೇ ಮಲಗಿಸುವ ಸೌಲಭ್ಯವೂ ಇದೆ. ವಿಎಂವೇರ್‌ನಲ್ಲಿ ಅದಕ್ಕೆ ಡಿಪಿಎಂ ಅನ್ನುತ್ತಾರೆ. ನಿಮ್ಮಲ್ಲಿ ಮೂರೇ ಹೋಸ್ಟ್ ಇರುವುದರಿಂದ ಇದಕ್ಕೆ ಆತುರ ಬೇಡ. ಒಂದನ್ನು ಮಲಗಿಸಿದರೆ, ಮತ್ತೊಂದು ಕೆಟ್ಟಾಗ ಅದು ಏಳುವವರೆಗೆ ಉಳಿಯುವುದು ಒಂದೇ. ಟೆಸ್ಟ್ ಕೆಲಸದ ಹೋಸ್ಟ್‌ಗಳು ಬೇರೆ ಇದ್ದರೆ ಅಲ್ಲಿ ಶುರು ಮಾಡಿ, ಅದೂ ಪ್ರತಿ ಮಷಿನ್ ದೂರದಿಂದ ಎಬ್ಬಿಸಿದಾಗ ಏಳುತ್ತದೆ ಎಂದು ಖಚಿತ ಮಾಡಿಕೊಂಡ ಮೇಲೆ.

ಇದೆಲ್ಲ ಶುರು ಮಾಡುವ ಮುಂಚೆ ಯುಪಿಎಸ್ ಔಟ್‌ಪುಟ್ ರೀಡಿಂಗ್ ಮತ್ತು ಮುಖ್ಯ ಮೀಟರ್ ರೀಡಿಂಗ್ ಎರಡನ್ನೂ ದಿನಾಂಕದ ಸಮೇತ ಬರೆದಿಡಿ. ಅದಿಲ್ಲದೆ ಮುಂದೆ ಯಾರಿಗೂ ಏನನ್ನೂ ತೋರಿಸಲು ಆಗುವುದಿಲ್ಲ. ಯುಪಿಎಸ್ ಮೇಲೆ ಈಗ ಶೇಕಡಾ ಎಷ್ಟು ಲೋಡ್ ಇದೆ ಅನ್ನೋದನ್ನೂ ನೋಡಿಕೊಳ್ಳಿ. ತೀರಾ ಕಮ್ಮಿ ಇದ್ದರೆ ಅದರಲ್ಲೇ ನಷ್ಟ ಜಾಸ್ತಿ, ಮಾಡ್ಯುಲರ್ ಯುಪಿಎಸ್ ಆದರೆ ಕೆಲವು ಮಾಡ್ಯೂಲ್ ನಿಲ್ಲಿಸಬಹುದು. ಈ ಮೂರು ಅಂಕಿ ಮತ್ತು ಇನ್ನೂ ಆನ್ ಇರುವ ಹಳೇ ಮಷಿನ್‌ಗಳ ಸಂಖ್ಯೆಯನ್ನು ಇಲ್ಲೇ ಕೆಳಗೆ ಹಾಕಿ. ಎಸಿಯಲ್ಲಿ ಎಷ್ಟು ಸೋರುತ್ತಿದೆ, ಸರ್ವರ್‌ಗಳಲ್ಲಿ ಎಷ್ಟು ಎಂದು ಬಿಡಿಸಿ ನೋಡೋಣ.