ಫಿಸಿಯೋಥೆರಪಿ ಕ್ಲಿನಿಕ್ಕಿನ ಬೋರ್ಡಿನಲ್ಲಿ ‘ಡಾ.’ ಹಾಕಿಸಬಹುದೇ?

ನಿಮ್ಮ ತಮ್ಮ ಫಿಸಿಯೋಥೆರಪಿ ಪದವಿ ಮುಗಿಸಿ ಮಂಡ್ಯದಲ್ಲಿ ಕ್ಲಿನಿಕ್ ತೆರೆಯಲಿದ್ದಾನೆ, ಬೋರ್ಡಿನಲ್ಲಿ ಹೆಸರಿನ ಮುಂದೆ ‘ಡಾ.’ ಹಾಕಿಸಬಹುದೇ ಎಂದು ಕೇಳಿದ್ದೀರಿ. ನಾನು ವಕೀಲನಲ್ಲ, ವೈದ್ಯನೂ ಅಲ್ಲ. ಮಂಡ್ಯದಲ್ಲೇ ಬೋರ್ಡು ಬರೆಯುವವನು. ಬ್ರಷ್ಷು, ಎನಾಮಲ್ ಡಬ್ಬಿ ಹಿಡಿದು ಶುರು ಮಾಡಿದವನು ಈಗ ಫ್ಲೆಕ್ಸ್ ಯಂತ್ರದ ಮುಂದೆ ಕುಳಿತಿದ್ದೇನೆ. ಈ ಒಂದಕ್ಷರದ ಚೌಕಾಸಿ ನನ್ನ ಅಂಗಡಿಗೆ ಹೊಸದಲ್ಲ.

2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ, ಫಿಸಿಯೋಥೆರಪಿಸ್ಟರು ‘ಡಾ.’ ಬಳಸಕೂಡದು ಎಂದು ಪತ್ರ ಹೊರಡಿಸಿತು. ಮರುದಿನವೇ ಹಿಂದಕ್ಕೆ ಪಡೆಯಿತು. ಆ ನಡುವೆ ನನ್ನ ಗಿರಾಕಿಯೊಬ್ಬರು ಫೋನ್ ಮಾಡಿ ಅಕ್ಷರ ತೆಗೆಸಲು ಎಷ್ಟಾಗುತ್ತದೆ ಎಂದು ಕೇಳಿದರು. ನಾನು ಏಣಿ ಹುಡುಕುವಷ್ಟರಲ್ಲಿ ಬೇಡ ಎಂದರು. ಅದೇ ವರ್ಷ ಬಂದ ಫಿಸಿಯೋಥೆರಪಿಯ ಹೊಸ ಪಠ್ಯಕ್ರಮ, ಹೆಸರಿನ ಮುಂದೆ ‘ಡಾ.’ ಮತ್ತು ಕೊನೆಗೆ ಫಿಸಿಯೋಥೆರಪಿಸ್ಟ್ ಎಂದು ತಿಳಿಸುವ ‘ಪಿ.ಟಿ.’ ಬಳಸಲು ಅವಕಾಶ ಕೊಟ್ಟಿದೆ. ವೈದ್ಯರ ಸಂಘಕ್ಕೆ ಇದು ಒಪ್ಪಿಗೆಯಿಲ್ಲ. ನನ್ನನ್ನು ಕೇಳಿದರೆ ಹಾಕಿಸಿ, ಆದರೆ ‘ಪಿ.ಟಿ.’ಯನ್ನೂ ಅದೇ ಅಳತೆಯಲ್ಲಿ ಹಾಕಿಸಿ.

ಏಕೆಂದರೆ ಆಟವೆಲ್ಲ ನಡೆಯುವುದು ಅಳತೆಯಲ್ಲೇ. ‘ಡಾ.’ ಅಡಿಯೆತ್ತರ, ಮಿಕ್ಕಿದ್ದು ಸಾಸಿವೆಯಷ್ಟು. ಒಮ್ಮೆ ಒಬ್ಬರು ‘ಎಂ.ಡಿ.’ ದಪ್ಪಗಿರಲಿ, ಆವರಣದೊಳಗಿನ ‘ಎ.ಎಂ.’ ತೆಳ್ಳಗಿರಲಿ ಎಂದರು. ಎ.ಎಂ. ಎಂದರೆ ಪರ್ಯಾಯ ವೈದ್ಯಪದ್ಧತಿ. ರಸ್ತೆಯ ಆಚೆ ಬದಿಯಿಂದ ನೋಡಿದರೆ ಬರೀ ಎಂ.ಡಿ. ನಾನು ಬರೆದುಕೊಟ್ಟೆ. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳ ಶಾಲೆಯ ಶುಲ್ಕ ಕಟ್ಟುವ ತಿಂಗಳು ಅದು. ಹಳ್ಳಿಗಳ ಕಡೆಯ ‘ಆರ್‌ಎಂಪಿ’ ಬೋರ್ಡುಗಳದ್ದು ಇನ್ನೊಂದು ಸೊಗಸು. ನೋಂದಾಯಿತ ವೈದ್ಯ ಎಂದು ಅದರ ಅರ್ಥ, ಆದರೆ ಹಾಗೆ ಬರೆಸಿಕೊಂಡ ಎಷ್ಟೋ ಮಂದಿಯ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೋರ್ಡು ಬರೆಯುವಾಗ ಮಾತ್ರ ನಾನು ಯಾರ ಪ್ರಮಾಣಪತ್ರವನ್ನೂ ಕೇಳಬೇಕಾಗಿರಲಿಲ್ಲ.

ಇನ್ನು ‘ತಜ್ಞ’ ಎಂಬ ಪದ. ಎಂಬಿಬಿಎಸ್ ಓದಿದವರೂ ಆ ವಿಭಾಗದ ವಿಶೇಷ ಅರ್ಹತೆ ಇಲ್ಲದೆ ತಜ್ಞರೆಂದು ಹೇಳಿಕೊಳ್ಳಬಾರದು ಎಂದು ವೈದ್ಯರ 2002ರ ನೀತಿ ನಿಯಮಗಳಲ್ಲಿದೆ. ಹಾಗಿರುವಾಗ ನಿಮ್ಮ ತಮ್ಮ ‘ಮೂಳೆ ಮತ್ತು ನರ ತಜ್ಞರು’ ಎಂದು ಬರೆಸುವುದು ಬೇಡ. ಓದಲು ಬಾರದ ಅಜ್ಜಿಗೆ ಯಾರೋ ಅದನ್ನು ಓದಿ ಹೇಳುತ್ತಾರೆ, ಅಜ್ಜಿ ನಿಮ್ಮ ತಮ್ಮನನ್ನು ಮೂಳೆ ಡಾಕ್ಟರೆಂದೇ ನಂಬಿ ಒಳಗೆ ಬರುತ್ತಾರೆ. ‘ಬೆನ್ನುನೋವು, ಮಂಡಿನೋವಿಗೆ ಫಿಸಿಯೋಥೆರಪಿ’ ಎಂದರೆ ಸಾಕು, ಜನ ಬರುತ್ತಾರೆ.

‘ಡಾ.’ಗಿಂತ ಮೊದಲು ಆಗಬೇಕಾದ ಕೆಲಸ ಬೇರೆಯೇ ಇದೆ. ಫಿಸಿಯೋಥೆರಪಿ ಕೇಂದ್ರವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದೊಳಗೆ, ಅಂದರೆ ಎಲ್ಲರೂ ಕೆಪಿಎಂಇ ಎನ್ನುವುದರೊಳಗೆ ಬರುತ್ತದೆ. ಮೊದಲು ಅದರಡಿ ನೋಂದಣಿ ಮಾಡಿಸಬೇಕು. ಆ ನೋಂದಣಿ ಸಂಖ್ಯೆ ಬೋರ್ಡಿನಲ್ಲಿ ಕಾಣಬೇಕು, ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬಣ್ಣ ಇರಬೇಕು ಎಂದು 2024ರಲ್ಲಿ ಆರೋಗ್ಯ ಇಲಾಖೆ ಸೂಚಿಸಿತು. ತಮ್ಮನ ಬೋರ್ಡಿಗೆ ಯಾವ ಬಣ್ಣ ಎಂಬುದನ್ನು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಿಕೊಂಡೇ ಫ್ಲೆಕ್ಸ್ ಅಂಗಡಿಗೆ ಹೋಗಿ. ಸಂಖ್ಯೆ ಕೈಗೆ ಬರುವ ಮೊದಲೇ ಬೋರ್ಡು ಮಾಡಿಸಬೇಡಿ. ‘ಜಾಗ ಬಿಟ್ಟಿರು, ಆಮೇಲೆ ಬರೆಸುತ್ತೇವೆ’ ಎಂದು ನನ್ನಿಂದ ಮಾಡಿಸಿಕೊಂಡು ಹೋದ ಒಂದು ಬೋರ್ಡಿನ ಕೆಳಗೆ ಆ ಬಿಳಿ ಪಟ್ಟಿ ಈಗಲೂ ಖಾಲಿಯೇ ಇದೆ.